ಪ್ರಿಸಿಷನ್ ರೈಫಲ್‌ಗೆ ಬೋಲ್ಟ್ ಆಕ್ಷನ್ ಆರಿಸುವಾಗ ಏನೇನು ನೋಡಬೇಕು

ಕಸ್ಟಮ್ ರೈಫಲ್ ಕಟ್ಟಿಸಲು ಹೊರಟವರು ಮೊದಲು ಕೇಳುವುದು "ಯಾವ ಕಂಪನಿಯ ಆಕ್ಷನ್ ತಗೊಳ್ಳಲಿ?" ಅಂತ. ಆ ಪ್ರಶ್ನೆ ಸ್ವಲ್ಪ ಆಮೇಲೆ ಬರಬೇಕು. ಆಕ್ಷನ್ ಅಂದರೆ ಬೋಲ್ಟ್ (ತೋಟಾವನ್ನು ಒಳಗೆ ತಳ್ಳಿ ಬೀಗ ಹಾಕುವ ಕಂಬಿ) ಮತ್ತು ಅದು ಓಡಾಡುವ ಕವಚ, ಅಂದರೆ ರಿಸೀವರ್, ಸೇರಿದ ಭಾಗ. ಗುಂಡುಗಳು ಕಾಗದದ ಮೇಲೆ ಎಷ್ಟು ಒತ್ತಾಗಿ ಬೀಳುತ್ತವೆ ಅನ್ನುವುದನ್ನು ಬಹುಪಾಲು ನಿರ್ಧರಿಸುವುದು ಬ್ಯಾರಲ್, ಚೇಂಬರ್ (ಬ್ಯಾರಲ್ ಹಿಂತುದಿಯಲ್ಲಿ ತೋಟಾ ಕೂರುವ ಜಾಗ) ಕೊರೆದ ಕೈ ಮತ್ತು ತೋಟಾ. ಆಕ್ಷನ್ ಮಾಡುವ ಕೆಲಸ ಬೇರೆ. ತೋಟಾವನ್ನು ಮ್ಯಾಗಜೀನ್‌ನಿಂದ ತಪ್ಪದೆ ಎತ್ತಿಕೊಳ್ಳಬೇಕು, ಪ್ರತಿ ಸಲವೂ ಒಂದೇ ಜಾಗದಲ್ಲಿ ಬೀಗ ಬೀಳಬೇಕು, ತೋಟಾದ ಬುಡದಲ್ಲಿ ಕಿಡಿ ಹೊತ್ತಿಸುವ ಪ್ರೈಮರ್‌ಗೆ ಒಂದೇ ತೂಕದ ಪೆಟ್ಟು ಕೊಡಬೇಕು, ಖಾಲಿ ಕೇಸನ್ನು ಸಲೀಸಾಗಿ ಹೊರಗೆಳೆಯಬೇಕು. 6.5 ಕ್ರೀಡ್‌ಮೂರ್ ಬ್ಯಾರಲ್ ಎರಡು ಮೂರು ಸಾವಿರ ಗುಂಡಿಗೆ ಸವೆದುಹೋಗುತ್ತದೆ, ಬಿಸಿಯಾಗಿ ಓಡುವ 6 ಮಿ.ಮೀ. ತೋಟಾಗಳಲ್ಲಿ ಇನ್ನೂ ಬೇಗ. ಆಕ್ಷನ್ ಮಾತ್ರ ಐದಾರು ಬ್ಯಾರಲ್ ಕಂಡರೂ ಉಳಿದಿರುತ್ತದೆ. ಹಾಗಾಗಿ ಇವತ್ತಿನ ಬ್ಯಾರಲ್ ಜೊತೆಗೆ ಮುಂದೆ ಬರುವ ಬ್ಯಾರಲ್‌ಗಳನ್ನೂ ಲೆಕ್ಕಕ್ಕೆ ಹಿಡಿದು ಆರಿಸಬೇಕು.

ಮೊದಲು ತೋಟಾ ನಿಗದಿಯಾಗಲಿ. .308 ವಿಂಚೆಸ್ಟರ್, 6.5 ಕ್ರೀಡ್‌ಮೂರ್, .243, 6 ಬಿಆರ್, ಡ್ಯಾಶರ್ ಎಲ್ಲದರ ಬುಡದ ಅಗಲ 0.473 ಇಂಚು. ಒಂದೇ ಬೋಲ್ಟ್ ಫೇಸ್ (ತೋಟಾದ ಬುಡ ಕೂರುವ ಬೋಲ್ಟ್ ಮುಖ) ಇವಕ್ಕೆಲ್ಲ ಸಾಕು. .223 ಬೇಕೆಂದರೆ 0.378, .300 ವಿನ್ ಮ್ಯಾಗ್ ಥರದವಕ್ಕೆ 0.532. ಮುಂದೆ ಕಡಿಮೆ ಖರ್ಚಿನ ಅಭ್ಯಾಸಕ್ಕೆ .223 ಬ್ಯಾರಲ್ ಹಾಕಿಸುವ ಯೋಚನೆ ಇದ್ದರೆ, ಬೋಲ್ಟ್ ಹೆಡ್ ಬದಲಿಸಲು ಬರುವ ಬಿಗ್‌ಹಾರ್ನ್ (ಈಗ ಜರ್ಮ್ಯಾಟ್ ಆರ್ಮ್ಸ್) ಕಂಪನಿಯ ಟಿಎಲ್3 ಅಥವಾ ಒರಿಜಿನ್ ಥರದ್ದನ್ನು ಈಗಲೇ ತಗೊಳ್ಳುವುದು ಒಳ್ಳೆಯದು. ಆಮೇಲೆ ಇಡೀ ಬೋಲ್ಟ್ ಕೊಳ್ಳುವುದು ದುಬಾರಿ.

ಉದ್ದದ ಲೆಕ್ಕ ನೇರ. .308ರ ಒಟ್ಟು ಉದ್ದ 2.810 ಇಂಚು, ಕ್ರೀಡ್‌ಮೂರ್‌ನದು 2.825. ಎರಡಕ್ಕೂ ಶಾರ್ಟ್ ಆಕ್ಷನ್ ಸಾಕು. .30-06, .300 ವಿನ್ ಮ್ಯಾಗ್ 3.340ಕ್ಕೆ ಹೋಗುತ್ತವೆ, ಅವಕ್ಕೆ ಲಾಂಗ್ ಆಕ್ಷನ್. ಎಡವಟ್ಟಾಗುವುದು ತೀರಾ ಗಿಡ್ಡ ತೋಟಾಗಳಲ್ಲಿ. 6 ಬಿಆರ್, ಡ್ಯಾಶರ್ ತೋಟಾಗಳು .308ರ ಮ್ಯಾಗಜೀನ್‌ನಲ್ಲಿ ಹಿಂದೆ ಮುಂದೆ ಜಾರಾಡುತ್ತವೆ. ಬೋಲ್ಟ್ ತಳ್ಳಿದಾಗ ಗುಂಡಿನ ಮೂತಿ ಫೀಡ್ ರ‍್ಯಾಂಪ್‌ನ ಕೆಳಗೆ ಹೋಗಿ ಕುಟ್ಟುತ್ತದೆ. ಅದಕ್ಕೆಂದೇ ಮ್ಯಾಗಜೀನ್ ಕಿಟ್‌ಗಳು ಸಿಗುತ್ತವೆ, ಆಕ್ಷನ್ ಜೊತೆಗೇ ಅದನ್ನೂ ಲೆಕ್ಕ ಹಾಕಿ.

ಮುಂದಿನದು ಫುಟ್‌ಪ್ರಿಂಟ್, ಅಂದರೆ ಸ್ಟಾಕ್‌ನಲ್ಲಿ ಕೂರುವ ಆಕ್ಷನ್‌ನ ಆಕಾರ ಮತ್ತು ಸ್ಕ್ರೂ ಜಾಗಗಳು. 1962ರಲ್ಲಿ ಬಂದ ರೆಮಿಂಗ್ಟನ್ 700ರ ಆಕಾರವೇ ಇವತ್ತು ಈ ಲೋಕದ ಅಳತೆಗೋಲು. ದುಂಡನೆಯ ರಿಸೀವರ್, 1/4-28 ಆಕ್ಷನ್ ಸ್ಕ್ರೂಗಳು, ಅದೇ ಜಾಗದಲ್ಲಿ ಟ್ರಿಗರ್ ಪಿನ್ ತೂತುಗಳು. ಡಿಫಯನ್ಸ್, ಇಂಪ್ಯಾಕ್ಟ್, ಬಿಗ್‌ಹಾರ್ನ್ ಎಲ್ಲರೂ ಇದೇ ಅಚ್ಚಿಗೆ ಮಾಡುವುದರಿಂದ ಸ್ಟಾಕ್, ಚಾಸಿ (ಲೋಹದ ಸ್ಟಾಕ್), ಟ್ರಿಗರ್‌ಗಳ ರಾಶಿಯೇ ನಿಮ್ಮ ಮುಂದಿರುತ್ತದೆ. ಆದರೆ "700 ಫುಟ್‌ಪ್ರಿಂಟ್" ಅಂದ ಮಾತ್ರಕ್ಕೆ ಎಲ್ಲ ಸ್ಟಾಕ್‌ನಲ್ಲೂ ಕೂರುತ್ತದೆ ಅಂತಲ್ಲ. 700ರಲ್ಲಿ ಬೋಲ್ಟ್ ರಿಲೀಸ್ (ಬೋಲ್ಟನ್ನು ಹೊರತೆಗೆಯಲು ಒತ್ತುವ ಗುಂಡಿ) ಟ್ರಿಗರ್ ಮುಂದೆ ಕೆಳಗಿದೆ, ಕಸ್ಟಮ್‌ಗಳಲ್ಲಿ ಸಾಮಾನ್ಯವಾಗಿ ಎಡ ಪಕ್ಕದಲ್ಲಿ. ಅಲ್ಲಿ ಸ್ಟಾಕ್ ಕೆತ್ತಿಸಬೇಕಾಗುತ್ತದೆ. ರಿಕಾಯಿಲ್ ಲಗ್‌ನ (ಹಿಂದೊದೆತವನ್ನು ಸ್ಟಾಕ್‌ಗೆ ದಾಟಿಸುವ ತುಂಡು) ದಪ್ಪ, ಬೋಲ್ಟ್ ಹಿಡಿಯ ಸೀಳು ಕೂಡ ಒಂದಕ್ಕೊಂದು ಹೊಂದದೇ ಇರಬಹುದು. ಸ್ಟಾಕ್ ಮಾಡುವವರಿಗೆ ಆಕ್ಷನ್‌ನ ಹೆಸರನ್ನೇ ಹೇಳಿ ಆರ್ಡರ್ ಕೊಡಿ.

ಟಿಕ್ಕಾ ಟಿ3ಎಕ್ಸ್ ಬೇರೆಯದೇ ದಾರಿ. ಪೂರ್ತಿ ರೈಫಲ್ ಕೊಂಡು ಆಕ್ಷನ್ ಇಟ್ಟುಕೊಳ್ಳಬೇಕು. ಬೋಲ್ಟ್ ಕಾರ್ಖಾನೆಯಿಂದಲೇ ಬೆಣ್ಣೆಯಂತೆ ಜಾರುತ್ತದೆ, 70 ಡಿಗ್ರಿ ಎತ್ತಿದರೆ ತೆರೆಯುತ್ತದೆ. ರಿಕಾಯಿಲ್ ಲಗ್ ರಿಸೀವರ್‌ನಲ್ಲಿಲ್ಲ, ಸ್ಟಾಕ್‌ನಲ್ಲಿ ಬಿಡಿಯಾಗಿ ಕೂರುತ್ತದೆ. ಚಾಸಿಗಳು 700ರಷ್ಟು ಇಲ್ಲ, ಆದರೆ ಬೇಕಾದಷ್ಟು ಇವೆ. ಮೊದಲ ಸಲ ಕಟ್ಟಿಸುವವರಿಗೆ ಇದು ನಾಚಿಕೆಪಡಬೇಕಾದ ಆಯ್ಕೆಯೇನಲ್ಲ.

ಹಳೆಯ 700 ಮನೆಯಲ್ಲಿದೆ, ಅದನ್ನೇ ಸರಿ ಮಾಡಿಸೋಣ ಅನ್ನುವವರು ಲೆಕ್ಕ ಬರೆದು ನೋಡಲಿ. ರಿಸೀವರ್ ಮುಖ ಲೇತ್‌ನಲ್ಲಿ ನೇರ ಮಾಡಿಸಬೇಕು, ಲಗ್ ಕೂರುವ ಜಾಗ, ಬೋಲ್ಟ್ ಲಗ್ (ಬೀಗ ಬೀಳಿಸುವ ಹಲ್ಲು), ಬೋಲ್ಟ್ ಫೇಸ್ ಎಲ್ಲ ಸಮ ಮಾಡಿಸಬೇಕು, ಥ್ರೆಡ್ ಹೊಸದಾಗಿ ಕತ್ತರಿಸಬೇಕು, ಫೈರಿಂಗ್ ಪಿನ್ (ಪ್ರೈಮರ್‌ಗೆ ಹೊಡೆಯುವ ಕಡ್ಡಿ) ತೂತಿಗೆ ಬುಷ್ ಹಾಕಿಸಬೇಕು, ಬೋಲ್ಟ್ ಹಿಡಿ ಕಿತ್ತು ಮತ್ತೆ ಬೆಸೆಯಬೇಕು. ಇಷ್ಟರ ಕೂಲಿ ಸೇರಿಸಿದರೆ ಆರಂಭಿಕ ಮಟ್ಟದ ಕಸ್ಟಮ್ ಆಕ್ಷನ್ ಬೆಲೆಯ ಹತ್ತಿರ ಹೋಗುತ್ತದೆ. ಇನ್ನೊಂದು ತೊಡಕು: ಮೂಲ ಥ್ರೆಡ್ ಇಂಚಿಗೆ 16, ವ್ಯಾಸ 1-1/16 ಇಂಚು. ನೇರ ಮಾಡುವಾಗ ಅದನ್ನು ಸುಮಾರು 0.010 ಇಂಚು ದೊಡ್ಡದಾಗಿ ಕತ್ತರಿಸುವುದುಂಟು. ಆಮೇಲೆ ಸಿದ್ಧ ಪ್ರಿಫಿಟ್ ಬ್ಯಾರಲ್ ಯಾವುದೂ ಅದಕ್ಕೆ ಹಿಡಿಯುವುದಿಲ್ಲ, ಪ್ರತಿ ಬ್ಯಾರಲ್‌ಗೂ ಗನ್‌ಸ್ಮಿತ್ ಹತ್ತಿರವೇ ಹೋಗಬೇಕು.

ಒಳ್ಳೆಯ ಕಸ್ಟಮ್ ಆಕ್ಷನ್‌ಗೆ ದುಡ್ಡು ಕೊಡುವುದಕ್ಕೆ ದೊಡ್ಡ ಕಾರಣವೇ ಈ ಪ್ರಿಫಿಟ್. ರಿಸೀವರ್ ಮುಖದಿಂದ ಬೋಲ್ಟ್ ಫೇಸ್‌ಗೆ ಇರುವ ಅಂತರವನ್ನು ತಯಾರಕರು ಬಿಗಿಯಾಗಿ ಕಾಯ್ದುಕೊಂಡರೆ, ಬ್ಯಾರಲ್ ಮಾಡುವವರು ಆಕ್ಷನ್ ಕಣ್ಣಲ್ಲಿ ನೋಡದೆಯೇ ಚೇಂಬರ್ ಕೊರೆದು ಕಳಿಸಬಹುದು. ಆದರೂ ಹೆಡ್‌ಸ್ಪೇಸ್ (ಮುಚ್ಚಿದ ಬೋಲ್ಟ್ ಫೇಸ್‌ನಿಂದ ಚೇಂಬರ್‌ನಲ್ಲಿ ತೋಟಾ ತಡೆದು ನಿಲ್ಲುವ ಜಾಗದವರೆಗಿನ ಅಂತರ) ಅಳೆಯುವ ಗೇಜ್ ಹಾಕದೆ ಗುಂಡು ಹಾರಿಸಬೇಡಿ. .308ರ ಗೋ ಗೇಜ್ 1.630, ನೋ-ಗೋ 1.634. ನಡುವೆ ಇರುವುದು ಬರೀ ನಾಲ್ಕು ಥೌ, ಅಂದರೆ ಇಂಚಿನ ಸಾವಿರದ ನಾಲ್ಕು ಭಾಗ. ಗೋ ಮೇಲೆ ಬೋಲ್ಟ್ ಮುಚ್ಚಬೇಕು, ನೋ-ಗೋ ಮೇಲೆ ಮುಚ್ಚಬಾರದು. ಗೇಜ್ ಹಾಕುವ ಮುಂಚೆ ಫೈರಿಂಗ್ ಪಿನ್ ಜೋಡಣೆಯನ್ನೂ ಖಾಲಿ ಕೇಸ್ ಹೊರಗೆಸೆಯುವ ಎಜೆಕ್ಟರನ್ನೂ ಬೋಲ್ಟ್‌ನಿಂದ ಬಿಚ್ಚಿಡಿ. ಸ್ಪ್ರಿಂಗ್‌ಗಳು ಒಳಗಿದ್ದರೆ ಬೆರಳಿಗೆ ಸಿಗಬೇಕಾದ ಸೂಕ್ಷ್ಮ ತಡೆ ಗೊತ್ತೇ ಆಗುವುದಿಲ್ಲ, ಬಲ ಹಾಕಿ ಗೇಜನ್ನೇ ಕೆಡಿಸುತ್ತೀರಿ. 1958ರ ಸ್ಯಾವೇಜ್ 110ರಿಂದ ಬಂದ ಬ್ಯಾರಲ್ ನಟ್ ಪದ್ಧತಿಯಲ್ಲಿ ಹೆಡ್‌ಸ್ಪೇಸನ್ನು ಬ್ಯಾರಲ್ ತಿರುಗಿಸಿ ನೀವೇ ಹೊಂದಿಸಿ ನಟ್ ಬಿಗಿಯಬೇಕು. ಅಲ್ಲಂತೂ ಗೇಜ್ ಇಲ್ಲದೆ ಒಂದು ಹೆಜ್ಜೆಯೂ ಇಲ್ಲ.

ಇನ್ನು ಆಕ್ಷನ್ ಕೈಗೆ ಬಂದಾಗ ನೋಡಬೇಕಾದ ಎರಡು ಸಂಗತಿ. ಕ್ಯಾಟಲಾಗ್‌ನಲ್ಲಿ ಇವು ಇರುವುದಿಲ್ಲ, ಆದರೆ ರೈಫಲ್‌ನ ನೆಮ್ಮದಿಯೆಲ್ಲ ಇಲ್ಲೇ ಇದೆ.

ಒಂದು, ಪ್ರೈಮರಿ ಎಕ್ಸ್‌ಟ್ರ್ಯಾಕ್ಷನ್. ಚೇಂಬರ್ ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು ಬೋಲ್ಟ್ ಮುಚ್ಚಿ, ಹಿಡಿಯ ಬುಡವನ್ನೇ ನೋಡುತ್ತಾ ನಿಧಾನಕ್ಕೆ ಎತ್ತಿ. ಎತ್ತುವ ಕೊನೆಯ ಭಾಗದಲ್ಲಿ ಹಿಡಿಯ ಬುಡ ರಿಸೀವರ್ ಹಿಂಭಾಗದ ಇಳಿಜಾರಿಗೆ ತಾಗಿ, ಬೋಲ್ಟ್ ತಾನಾಗಿ ಸ್ವಲ್ಪ ಹಿಂದಕ್ಕೆ ಜರುಗಬೇಕು. ಅದು ಕಣ್ಣಿಗೆ ಕಾಣುವಷ್ಟು ಇರಬೇಕು. ಚೇಂಬರ್ ಗೋಡೆಗೆ ಅಂಟಿದ ಕೇಸನ್ನು ಸನ್ನೆಗೋಲಿನ ಬಲದಲ್ಲಿ ಬಿಡಿಸುವುದು ಈ ಚಿಕ್ಕ ಚಲನೆಯೇ. ಬುಡಕ್ಕೂ ಇಳಿಜಾರಿಗೂ ನಡುವೆ ದೊಡ್ಡ ಸಂದಿ ಇದ್ದರೆ ಎತ್ತಿದ್ದೆಲ್ಲ ವ್ಯರ್ಥ, ಕೇಸ್ ಬಿಡಿಸುವ ಕೆಲಸ ನಿಮ್ಮ ತೋಳಿನ ಮೇಲೆ ಬೀಳುತ್ತದೆ. ಬಿಸಿಲಲ್ಲಿ ಪ್ರೆಷರ್ ಏರಿದ ದಿನ ಬೋಲ್ಟ್ ಮೇಲಕ್ಕೆ ಬಂದು ಹಿಂದಕ್ಕೆ ಬಾರದೆ ನಿಲ್ಲುತ್ತದೆ. ಜನ ಆಗ ತೋಟಾವನ್ನೋ ಚೇಂಬರನ್ನೋ ಬಯ್ಯುತ್ತಾರೆ. 700ರಲ್ಲಿ ಹಿಡಿಯನ್ನು ಬೋಲ್ಟ್‌ಗೆ ಬೆಸೆದಿರುವುದರಿಂದ, ಬೆಸೆದ ಜಾಗ ಕೂದಲೆಳೆ ಆಚೀಚೆಯಾದರೂ ಈ ತೊಂದರೆ ಬರುತ್ತದೆ.

ಎರಡು, ಟ್ರಿಗರ್ ಟೈಮಿಂಗ್. ಬೋಲ್ಟ್ ಎತ್ತಿದಾಗ ಕಾಕಿಂಗ್ ಪೀಸ್ (ಫೈರಿಂಗ್ ಪಿನ್‌ನ ಹಿಂತುದಿಗೆ ಕೂಡಿದ ತುಂಡು) ಹಿಂದಕ್ಕೆ ಸರಿದು ಬೋಲ್ಟ್‌ನ ಗೀರಿನಲ್ಲಿ ನಿಲ್ಲುತ್ತದೆ. ಮುಚ್ಚಿದಾಗ ಟ್ರಿಗರ್‌ನ ಸಿಯರ್ (ಹಿಡಿದು ನಿಲ್ಲಿಸುವ ಕೊಕ್ಕೆ) ಅದನ್ನು ತನ್ನ ಕೈಗೆ ತೆಗೆದುಕೊಳ್ಳುತ್ತದೆ. ಸಿಯರ್ ಇರಬೇಕಾದ್ದಕ್ಕಿಂತ ಹಿಂದಿದ್ದರೆ ಮುಚ್ಚುವಾಗಲೇ ಸ್ಪ್ರಿಂಗ್ ಒತ್ತಬೇಕಾಗಿ ಬೋಲ್ಟ್ ಮುಂದಕ್ಕೆ ಹೋಗಲು ಮೊಂಡು ಹಿಡಿಯುತ್ತದೆ. ಮುಂದಿದ್ದರೆ ಕಾಕಿಂಗ್ ಪೀಸ್ ಒಂದಿಷ್ಟು ಮುಂದಕ್ಕೆ ಕುಸಿಯುತ್ತದೆ, ಫೈರಿಂಗ್ ಪಿನ್ ಓಡುವ ದೂರ ಅಷ್ಟು ಕಡಿಮೆಯಾಗಿ ಪ್ರೈಮರ್ ಮೇಲಿನ ಪೆಟ್ಟು ಸಡಿಲಾಗುತ್ತದೆ. ಕ್ರೋನೋಗ್ರಾಫ್‌ನಲ್ಲಿ ವೇಗದ ಏರಿಳಿತ ಹೆಚ್ಚಾದಾಗ ಮದ್ದು ಬದಲಿಸುತ್ತಾ ಕೂರುವ ಮೊದಲು ಇದನ್ನು ನೋಡಿ. ಪರೀಕ್ಷೆ ಸುಲಭ: ಖಾಲಿ ಆಕ್ಷನ್ ಮುಚ್ಚಿ, ಟ್ರಿಗರ್ ಎಳೆಯದೆ ಮತ್ತೆ ಎತ್ತಿ. ಸ್ಪ್ರಿಂಗ್ ಒತ್ತಿದ ಅನುಭವ ಬಂದರೆ ಕಾಕಿಂಗ್ ಪೀಸ್ ಕುಸಿದಿತ್ತು ಅಂತಲೇ ಅರ್ಥ. ಒಂದು ಟ್ರಿಗರ್‌ನಲ್ಲಿ ಸರಿಯಿದ್ದ ಆಕ್ಷನ್ ಇನ್ನೊಂದರಲ್ಲಿ ತಪ್ಪಬಹುದು, ಆದ್ದರಿಂದ ಆಕ್ಷನ್ ತಯಾರಕರು ಹೇಳಿದ ಟ್ರಿಗರ್‌ನಿಂದಲೇ ಶುರು ಮಾಡಿ.

ಪಿನ್ ವಿಷಯ ಬಂದಾಗ ಇದೂ ಇರಲಿ: ಸ್ಮಾಲ್ ರೈಫಲ್ ಪ್ರೈಮರ್‌ನ ಕೇಸ್ ಬಳಸುವವರಿಗೆ ಪಿನ್ ಸಣ್ಣದಿದ್ದು, ತೂತು ಅದಕ್ಕೆ ತೀರಾ ಹೊಂದಿಕೊಂಡಿರಬೇಕು. ಸಂದಿ ಹೆಚ್ಚಿದ್ದರೆ ಪ್ರೈಮರ್ ತಗಡು ತೂತಿನೊಳಕ್ಕೆ ಉಬ್ಬುತ್ತದೆ, ಕೆಲವೊಮ್ಮೆ ಬಿಲ್ಲೆಯಾಗಿ ಕತ್ತರಿಸಿಕೊಂಡು ಬೋಲ್ಟ್ ಒಳಗೇ ಬೀಳುತ್ತದೆ.

ಮೂರು ಲಗ್‌ನ 60 ಡಿಗ್ರಿ ಬೋಲ್ಟ್ ಆಕರ್ಷಕ, ಹಿಡಿ ಸ್ಕೋಪ್‌ನ ಕಣ್ಣಿನ ತುದಿಗೆ ತಾಗುವುದಿಲ್ಲ. ಆದರೆ ಅದೇ ಸ್ಪ್ರಿಂಗನ್ನು 90 ಡಿಗ್ರಿ ಬದಲು 60ರಲ್ಲಿ ಒತ್ತಬೇಕು, ಅಂದರೆ ಎತ್ತುವುದು ಭಾರ. ಭಾರ ಇಳಿಸಲು ಸ್ಪ್ರಿಂಗ್ ಮೆತ್ತಗೆ ಮಾಡಿದರೆ ಪೆಟ್ಟು ಮೆತ್ತಗಾಗುತ್ತದೆ. ಬ್ಯಾರಿಕೇಡ್ ಮೇಲೆ ರೈಫಲ್ ಅಲುಗಾಡದೆ ಬೋಲ್ಟ್ ಓಡಿಸಬೇಕಾದವರಿಗೆ ಎರಡು ಲಗ್‌ನ 90 ಡಿಗ್ರಿಯೇ ನನ್ನ ಸಲಹೆ.

ಬೆಂಚ್‌ರೆಸ್ಟ್‌ನ ಆಕ್ಷನ್ ಕೈಯಲ್ಲಿ ಹಿಡಿದರೆ ಅದರ ಬಿಗಿಗೆ ಯಾರಾದರೂ ಮರುಳಾಗುತ್ತಾರೆ. ಮೇಜಿನ ಮೇಲೆ ಅದು ಸರಿ. ಧೂಳು ಮರಳಿನಲ್ಲಿ ಬೋರಲು ಬಿದ್ದು ಹೊಡೆಯುವ ಪಂದ್ಯದಲ್ಲಿ ಅದೇ ಬಿಗಿ ಬೋಲ್ಟನ್ನು ಹಿಡಿದುಬಿಡುತ್ತದೆ. ಅಲ್ಲಿಗೆ ಸ್ವಲ್ಪ ಸಡಿಲ, ಮೈಮೇಲೆ ಗೀರು ಕೊರೆದ (ಫ್ಲೂಟೆಡ್) ಬೋಲ್ಟ್, ನೈಟ್ರೈಡ್ ಲೇಪ ಒಳ್ಳೆಯದು. ಗ್ರೀಸ್ ಹಾಕಬೇಕಾದ್ದು ಲಗ್‌ಗಳ ಹಿಂಬದಿಗೆ ಮತ್ತು ಕಾಕಿಂಗ್ ಇಳಿಜಾರಿಗೆ, ಅದೂ ಕಡ್ಡಿಯ ತುದಿಯಷ್ಟು. ಬೋಲ್ಟ್ ಮೈಗೆ ಬಳಿದರೆ ಧೂಳು ಅಲ್ಲೇ ಸಾಣೆ ಹಿಡಿಯುತ್ತದೆ.

ಸ್ಕೋಪ್ ರೈಲ್ ರಿಸೀವರ್‌ಗೇ ಒಂದಾಗಿದ್ದರೆ ಚೆನ್ನ. ಬಿಡಿ ರೈಲ್ ಆದರೆ 8-40 ಸ್ಕ್ರೂ ಮತ್ತು ಪಿನ್ ಇರಲಿ, ಹಳೆಯ 6-48 ಭಾರದ ಸ್ಕೋಪ್‌ಗೆ ಸಣ್ಣದಾಯಿತು. 20 ಎಂಒಎ (ಒಂದು ಎಂಒಎ ಅಂದರೆ ಡಿಗ್ರಿಯ ಅರವತ್ತನೇ ಒಂದು ಭಾಗ) ಇಳಿಜಾರು ಅಂದರೆ 100 ಗಜಕ್ಕೆ ಸುಮಾರು 21 ಇಂಚಿನಷ್ಟು ಹೊಂದಾಣಿಕೆ ಮುಂಗಡವಾಗಿ ಸಿಕ್ಕಂತೆ. 1,000 ಗಜಕ್ಕೆ ಹೊಡೆಯುವವರಿಗೆ ಅದು ಬೇಕೇಬೇಕು.

ಅಮೆರಿಕದ ಕಾನೂನಿನ ಲೆಕ್ಕದಲ್ಲಿ ರಿಸೀವರ್ ಒಂದೇ "ಬಂದೂಕು". ಪರವಾನಗಿ ಇರುವ ಡೀಲರ್ ಮೂಲಕ, 4473 ನಮೂನೆ ತುಂಬಿಯೇ ಅದು ಕೈಗೆ ಬರುತ್ತದೆ. ಬ್ಯಾರಲ್, ಸ್ಟಾಕ್ ಫೆಡರಲ್ ಮಟ್ಟದಲ್ಲಿ ಬರೀ ಬಿಡಿಭಾಗ, ರಾಜ್ಯದ ನಿಯಮ ಬೇರೆ ನೋಡಿಕೊಳ್ಳಿ. ಭಾರತದಲ್ಲಿ ಕೂತು ಓದುತ್ತಿರುವವರು 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಂ ನೆನಪಿಡಲಿ: ಲೈಸೆನ್ಸ್ ಇಲ್ಲದೆ ತಯಾರಿ, ಬದಲಾವಣೆ, ರಿಪೇರಿ ಯಾವುದಕ್ಕೂ ಅಲ್ಲಿ ಅವಕಾಶವಿಲ್ಲ.

ಆರ್ಡರ್‌ನಲ್ಲಿ ಆಕ್ಷನ್‌ಗೆ ಮೊದಲ ಸ್ಥಾನ ಕೊಡಿ, ಕಾಯಬೇಕಾಗುವುದು ಹೆಚ್ಚಾಗಿ ಅದಕ್ಕೇ. ಅದು ಬಂದು, ಟ್ರಿಗರ್ ಕೂರಿಸಿ, ಮೇಲೆ ಹೇಳಿದ ಎರಡು ಪರೀಕ್ಷೆ ಮುಗಿದ ಮೇಲೆ ಬ್ಯಾರಲ್‌ಗೆ ದುಡ್ಡು ಕಟ್ಟಿ. ಬ್ಯಾರಲ್ ಹಾಕಿದ ಮೇಲೆ ಆಕ್ಷನ್‌ನಲ್ಲಿ ದೋಷ ಕಂಡರೆ ವಾಪಸ್ ಕಳಿಸುವ ಮಾತು ಕಷ್ಟವಾಗುತ್ತದೆ.