ಶುಗರ್ ಇದ್ದವರಿಗೆ ಯಾವ ಸ್ಟೆಂಟ್ ಒಳ್ಳೇದು?

ಮಂಡ್ಯದ ನನ್ನ ಕ್ಲಿನಿಕ್‌ಗೆ ಬರುವವರಲ್ಲಿ ಶುಗರ್‌ನವರೇ ಜಾಸ್ತಿ. ಅವರಲ್ಲಿ ಯಾರಿಗಾದರೂ ಮೈಸೂರಿನಲ್ಲಿ ಆಂಜಿಯೋಗ್ರಾಂ ಆಯ್ತು ಅಂದರೆ, ಸಂಜೆಯೊಳಗೆ ಮಗನದೋ ಅಳಿಯನದೋ ಫೋನ್ ಬರುತ್ತದೆ. 'ಡಾಕ್ಟ್ರೇ, ಫಾರಿನ್ ಸ್ಟೆಂಟ್ ಹಾಕಿಸೋದಾ, ಇಂಡಿಯಾದ್ದು ಸಾಕಾ? ದುಡ್ಡು ಜಾಸ್ತಿ ಆದ್ರೂ ಪರವಾಗಿಲ್ಲ.'

ದುಡ್ಡಿನ ಮಾತು ಮೊದಲು ಮುಗಿಸಿಬಿಡೋಣ. 2017ರ ಫೆಬ್ರವರಿಯಿಂದ ಸ್ಟೆಂಟ್‌ಗೆ, ಅಂದರೆ ಬ್ಲಾಕ್ ಆದ ನಾಳವನ್ನು ತೆರೆದಿಡಲು ಒಳಗೆ ಕೂರಿಸುವ ಲೋಹದ ಜಾಲರಿ ಕೊಳವೆಗೆ, ಸರ್ಕಾರವೇ ಗರಿಷ್ಠ ಬೆಲೆ ಕಟ್ಟಿದೆ. ಔಷಧಿ ಲೇಪಿಸಿದ ಸ್ಟೆಂಟ್‌ಗೆ ಆಗ ನಿಗದಿಯಾದದ್ದು 29,600 ರೂಪಾಯಿ. ಆಮೇಲೆ ಮೊತ್ತ ಬದಲಾಗಿದೆ, ಆದರೆ ಮಿತಿ ದೇಶದ್ದಕ್ಕೂ ವಿದೇಶದ್ದಕ್ಕೂ ಒಂದೇ.

ಇನ್ನು ಸ್ಟೆಂಟ್ ವಿಷಯ. ಶುಗರ್ ಇದ್ದವರ ಹೃದಯದ ರಕ್ತನಾಳ ಸಣ್ಣ. ಬ್ಲಾಕೂ ಒಂದು ಕಡೆ ನಿಲ್ಲದೆ ಉದ್ದಕ್ಕೆ ಹರಡಿಕೊಂಡಿರುತ್ತದೆ. ಸ್ಟೆಂಟ್ ಹಾಕಿದ ಜಾಗದಲ್ಲಿ ಒಳಪದರ ಬೇಗ ಬೆಳೆದು ನಾಳ ಮತ್ತೆ ಕಟ್ಟಿಕೊಳ್ಳುತ್ತದೆ. ಆ ಬೆಳವಣಿಗೆಯನ್ನು ತಡೆಯುವ ಔಷಧಿ ಇಲ್ಲದ ಬರೀ ಲೋಹದ ಸ್ಟೆಂಟ್ ಇವರಿಗೆ ಬೇಡ ಅನ್ನೋದು ಅದಕ್ಕೇ.

ಹಾಗಾದರೆ ಯಾವ ಔಷಧಿ? ಇದಕ್ಕೆ ಉತ್ತರ ನಮ್ಮ ದೇಶದಲ್ಲೇ ಸಿಕ್ಕಿತು. ಟಕ್ಸೀಡೊ ಇಂಡಿಯಾ ಎಂಬ ಅಧ್ಯಯನದಲ್ಲಿ 1,830 ಶುಗರ್ ರೋಗಿಗಳಲ್ಲಿ ಪ್ಯಾಕ್ಲಿಟ್ಯಾಕ್ಸೆಲ್ ಲೇಪದ ಸ್ಟೆಂಟನ್ನೂ ಎವೆರೋಲಿಮಸ್ ಲೇಪದ ಸ್ಟೆಂಟನ್ನೂ ಹೋಲಿಸಿ ನೋಡಿದರು. ಶುಗರ್‌ನವರಿಗೆ ಪ್ಯಾಕ್ಲಿಟ್ಯಾಕ್ಸೆಲ್ಲೇ ವಾಸಿ ಇರಬಹುದು ಎಂಬ ವಾದ ಅಲ್ಲಿಯವರೆಗೆ ಇತ್ತು. 2015ರಲ್ಲಿ ಫಲಿತಾಂಶ ಬಂದಾಗ ಆ ವಾದ ಬಿದ್ದುಹೋಯಿತು. ಒಂದು ವರ್ಷದೊಳಗೆ ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟಿದ್ದು ಪ್ಯಾಕ್ಲಿಟ್ಯಾಕ್ಸೆಲ್‌ನಲ್ಲಿ ಶೇ. 2.1, ಎವೆರೋಲಿಮಸ್‌ನಲ್ಲಿ ಶೇ. 0.4.

ಈಗ ಹಾಕುವುದು ಹೆಚ್ಚಾಗಿ ಈ 'ಲಿಮಸ್' ಗುಂಪಿನವೇ. ಅವುಗಳೊಳಗೆ ಯಾವ ಕಂಪನಿ ಮೇಲು ಅಂತ ತಲೆ ಕೆಡಿಸಿಕೊಳ್ಳುವುದರಲ್ಲಿ ಅಂಥ ಅರ್ಥವಿಲ್ಲ. ಸ್ಪೇನ್‌ನಲ್ಲಿ 'ಶುಗರ್' ಅಂತಲೇ ಹೆಸರಿಟ್ಟು (ಹೆಸರಿಡೋದರಲ್ಲಿ ಈ ಹೃದಯತಜ್ಞರು ಬಲು ಚುರುಕು) ಇಂಥ ಎರಡು ಸ್ಟೆಂಟ್‌ಗಳನ್ನು ಹೋಲಿಸಿದರು. ಮೊದಲ ವರ್ಷ ಒಂದು ಮುಂದಿತ್ತು. ಎರಡನೇ ವರ್ಷಕ್ಕೆ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಉಳಿಯಲಿಲ್ಲ.

ನನ್ನನ್ನು ಕೇಳಿದರೆ, ಕೇಳಬೇಕಾದ ಪ್ರಶ್ನೆಯೇ ಬೇರೆ: ಎಷ್ಟು ನಾಳದಲ್ಲಿ ಬ್ಲಾಕ್ ಇದೆ? ಶುಗರ್ ಜೊತೆಗೆ ಎರಡು ಮೂರು ನಾಳ ಕೆಟ್ಟಿದ್ದರೆ ಬೈಪಾಸ್ ಬಗ್ಗೆ ಕೇಳಲೇಬೇಕು. 2012ರ ಫ್ರೀಡಂ ಅಧ್ಯಯನದಲ್ಲಿ ಇಂಥವರನ್ನೇ ಗಮನಿಸಿದ್ದರು. ಐದು ವರ್ಷದಲ್ಲಿ ಸ್ಟೆಂಟ್ ಹಾಕಿಸಿಕೊಂಡವರಲ್ಲಿ ಶೇ. 16.3 ಮಂದಿ ತೀರಿಕೊಂಡರು, ಬೈಪಾಸ್ ಆದವರಲ್ಲಿ ಶೇ. 10.9. ಪಾರ್ಶ್ವವಾಯು ಮಾತ್ರ ಬೈಪಾಸ್‌ನವರಲ್ಲೇ ಜಾಸ್ತಿ, ಅದನ್ನೂ ಹೇಳಬೇಕು. ಆಗಿನ ಸ್ಟೆಂಟ್‌ಗಳು ಹಳೆಯವು ನಿಜ, ಆದರೂ ಈ ಲೆಕ್ಕ ತಳ್ಳಿಹಾಕುವಂಥದ್ದಲ್ಲ. ನಮ್ಮ ಜನಕ್ಕೆ ಎದೆ ಕೊಯ್ಯುವುದು ಅಂದರೇ ಭಯ. 'ಸ್ಟೆಂಟಲ್ಲೇ ಮುಗಿಸಿಬಿಡಿ' ಅಂತಾರೆ. ಹಾರ್ಟ್ ಅಟ್ಯಾಕ್ ಆಗಿ ಓಡಿಬಂದಾಗ ಬ್ಲಾಕ್ ಆದ ನಾಳವನ್ನು ತಕ್ಷಣ ತೆರೆಯಲೇಬೇಕು, ಆ ಮಾತು ಬೇರೆ. ಅಂಥ ತುರ್ತು ಇಲ್ಲದಿದ್ದರೆ ಸರ್ಜನ್ ಹತ್ತಿರವೂ ಒಂದು ಮಾತು ಕೇಳಿ.

ಸ್ಟೆಂಟ್ ಹಾಕಿಸಿಕೊಂಡಾಗಿದ್ದರೆ ಫೈಲ್ ತೆಗೆದು ನೋಡಿ. ಒಂದು ಸ್ಟಿಕರ್ ಅಂಟಿಸಿರುತ್ತಾರೆ: ಸ್ಟೆಂಟ್ ಹೆಸರು, ಅಗಲ, ಉದ್ದ. 2.75 × 28 ಅಂತಿದ್ದರೆ ಅಗಲ 2.75 ಮಿಲಿಮೀಟರ್, ಉದ್ದ 28. ಫೋಟೋ ತೆಗೆದಿಟ್ಟುಕೊಳ್ಳಿ. ಸ್ಟೆಂಟ್‌ನಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಆಸ್ಪಿರಿನ್, ಕ್ಲೊಪಿಡೊಗ್ರೆಲ್ ಥರದ ಎರಡು ಮಾತ್ರೆಗಳನ್ನು ಎಷ್ಟು ತಿಂಗಳು ತಗೋಬೇಕು ಅಂತ ಅದರ ಪಕ್ಕದಲ್ಲೇ ಬರೆಸಿಕೊಳ್ಳಿ. ಹಲ್ಲು ಕೀಳಿಸೋಕೆ ಹೋಗುವಾಗ ಅವನ್ನು ತಾವೇ ನಿಲ್ಲಿಸಿಬಿಡುವವರು ಇದ್ದಾರೆ. ಸ್ಟೆಂಟ್ ಹಾಕಿದವರನ್ನು ಕೇಳದೆ ಒಂದು ದಿನವೂ ನಿಲ್ಲಿಸಬೇಡಿ.