ಹದಿನೈದನೆಯ ವಯಸ್ಸಿಗೆ ಡೆನ್ಮಾರ್ಕಿನ ರಾಣಿ

ಕೋಪನ್‌ಹೇಗನ್ನಿನಿಂದ ಉತ್ತರಕ್ಕೆ ಸುಮಾರು 25 ಕಿಲೋಮೀಟರ್ ದೂರದ ಹೋರ್ಸ್‌ಹೋಲ್ಮ್ ಎಂಬ ಊರಿನಲ್ಲಿ, ಕೆರೆಯ ನಡುವಿನ ನಡುಗಡ್ಡೆಯ ಮೇಲೆ, ಆಡಂಬರವಿಲ್ಲದ ಒಂದು ಚರ್ಚ್ ಇದೆ. ವಾಸ್ತುಶಿಲ್ಪಿ ಸಿ. ಎಫ್. ಹಾನ್ಸೆನ್ 1820ರ ದಶಕದಲ್ಲಿ ಅದನ್ನು ಕಟ್ಟುವುದಕ್ಕೆ ಮೊದಲು ಆ ನೆಲದ ಮೇಲೆ ಹಿರ್ಶ್‌ಹೋಲ್ಮ್ ಎಂಬ ಬೇಸಿಗೆ ಅರಮನೆ ಇತ್ತು. ಕೆಲಸದ ನಿಮಿತ್ತ ಈ ಸೀಮೆಗೆ ಬಂದು ನೆಲೆಸಿದ ನನಗೆ ಆ ಅರಮನೆಯ ಜೊತೆಯಲ್ಲೇ ಪರಿಚಯವಾದ ಹೆಸರು ಕ್ಯಾರೊಲಿನ್ ಮಟಿಲ್ಡಾ. ಇಲ್ಲಿಯವರಿಗೆ ಆಕೆಯ ಬದುಕೆಂದರೆ ಮೊದಲು ನೆನಪಾಗುವುದು ರಾಣಿಗೂ ರಾಜವೈದ್ಯನಿಗೂ ಹುಟ್ಟಿದ ಪ್ರೇಮ. ಆದರೆ ಆ ಪ್ರೇಮಕ್ಕೆ ಮೊದಲಿನ ಮೂರು ವರ್ಷಗಳನ್ನು ಬಿಟ್ಟು ಮುಂದಿನದನ್ನು ಹೇಳಹೊರಟರೆ ಈ ಹುಡುಗಿಗೆ ಅನ್ಯಾಯವಾಗುತ್ತದೆ ಎಂಬುದು, ಪರದೇಶದಲ್ಲಿ ಬದುಕು ಕಟ್ಟಿಕೊಳ್ಳುತ್ತಿರುವವನಾಗಿ, ನನ್ನ ಅಭಿಪ್ರಾಯ.

ಕ್ಯಾರೊಲಿನ್ 1751ರ ಜುಲೈ ತಿಂಗಳಲ್ಲಿ ಲಂಡನ್ನಿನಲ್ಲಿ ಹುಟ್ಟಿದಳು. ಬ್ರಿಟನ್ನಿನ ಯುವರಾಜನಾಗಿದ್ದ ತಂದೆ ಫ್ರೆಡರಿಕ್, ಮಗಳು ಹುಟ್ಟುವುದಕ್ಕೆ ಕೆಲವೇ ತಿಂಗಳ ಮುಂಚೆ, ಅದೇ ವರ್ಷದ ಮಾರ್ಚಿಯಲ್ಲಿ ತೀರಿಕೊಂಡಿದ್ದ. ಹಿರಿಯಣ್ಣ ಮುಂದೆ ಮೂರನೆಯ ಜಾರ್ಜ್ ಎಂಬ ಹೆಸರಿನಿಂದ ಸಿಂಹಾಸನವೇರಿದ. ವಿಧವೆ ತಾಯಿ ಆಗಸ್ಟಾ ಮಕ್ಕಳನ್ನು ಆಸ್ಥಾನದ ಗದ್ದಲದಿಂದ ದೂರವಿಟ್ಟು, ಕ್ಯೂ ತೋಟಗಳ ಪರಿಸರದಲ್ಲಿ ಕಟ್ಟುನಿಟ್ಟಾಗಿ ಬೆಳೆಸಿದಳು. ಹೀಗೆ ಬೆಳೆದ ಹುಡುಗಿಗೆ ಗೊತ್ತುಪಡಿಸಿದ ವರ ಡೆನ್ಮಾರ್ಕ್–ನಾರ್ವೆಯ ಏಳನೆಯ ಕ್ರಿಶ್ಚಿಯನ್. ಆತನ ತಾಯಿ ಲೂಯಿಸ್ ಕ್ಯಾರೊಲಿನ್ನಳ ತಂದೆಯ ಸ್ವಂತ ತಂಗಿ. ನಮ್ಮ ಲೆಕ್ಕದಲ್ಲಿ ಆತ ಸೋದರತ್ತೆಯ ಮಗ. ವರಸೆಗೆ ಯಾವ ಕೊರತೆಯೂ ಇರಲಿಲ್ಲ. ಆದರೆ ಆ ಸೋದರತ್ತೆ ಕ್ಯಾರೊಲಿನ್ ಹುಟ್ಟಿದ ವರ್ಷವೇ ಕೋಪನ್‌ಹೇಗನ್ನಿನಲ್ಲಿ ತೀರಿಕೊಂಡಿದ್ದರಿಂದ, ಹೋಗುವ ಮನೆಯಲ್ಲಿ ತನ್ನವಳೆಂದು ಕೈಹಿಡಿಯುವವರು ಉಳಿದಿರಲಿಲ್ಲ. ಅತ್ತೆಯ ಜಾಗದಲ್ಲಿ ಇದ್ದವಳು ಕ್ರಿಶ್ಚಿಯನ್ನನ ಮಲತಾಯಿ ಜೂಲಿಯಾನಾ ಮರಿಯಾ. ಆಕೆಗೆ 1753ರಲ್ಲಿ ಹುಟ್ಟಿದ ಸ್ವಂತ ಮಗನಿದ್ದ; ಸೊಸೆಗೆ ಗಂಡುಮಗುವಾದರೆ ಆ ಮಗ ಸಿಂಹಾಸನದಿಂದ ಒಂದು ಮೆಟ್ಟಿಲು ದೂರವಾಗುತ್ತಿದ್ದ.

1766ರ ಅಕ್ಟೋಬರ್ 1ರಂದು ಲಂಡನ್ನಿನ ಸೇಂಟ್ ಜೇಮ್ಸ್ ಅರಮನೆಯಲ್ಲಿ ವರನಿಲ್ಲದೆಯೇ ಮದುವೆ ನಡೆಯಿತು. ವರನ ಸ್ಥಾನದಲ್ಲಿ ನಿಂತವನು ವಧುವಿನ ಅಣ್ಣ, ಯಾರ್ಕಿನ ಡ್ಯೂಕ್ ಎಡ್ವರ್ಡ್. ಆಕೆಗಾಗ ಹದಿನೈದು ವರ್ಷ, ಇನ್ನೂ ಮುಖ ಕಾಣದ ಗಂಡನಿಗೆ ಹದಿನೇಳು. ಹಾರಿಚ್ ಬಂದರಿನಿಂದ ಹಡಗು ಹತ್ತಿ, ರಾಟರ್‌ಡ್ಯಾಮಿನಲ್ಲಿ ಇಳಿದು, ಅಲ್ಲಿಂದ ನೆಲದ ಮಾರ್ಗವಾಗಿ ಆಲ್ಟೋನಾ ತಲುಪಿದಳು. ಇಂದು ಹ್ಯಾಂಬರ್ಗ್ ನಗರದ ಭಾಗವಾಗಿರುವ ಆಲ್ಟೋನಾ ಆಗ ಡೆನ್ಮಾರ್ಕಿನ ದೊರೆಯ ಆಡಳಿತದಲ್ಲಿತ್ತು. ಅಲ್ಲಿಗೆ ಬಂದೊಡನೆ ಜೊತೆಯಲ್ಲಿದ್ದ ಇಂಗ್ಲಿಷ್ ಪರಿವಾರವೆಲ್ಲ ಹಿಂದಿರುಗಬೇಕು, ಮುಂದಿನ ದಾರಿಯನ್ನು ಡೆನ್ಮಾರ್ಕಿನವರೊಂದಿಗೇ ಕ್ರಮಿಸಬೇಕು. ನಮ್ಮ ಮದುವೆಗಳಲ್ಲಿ ಹೆಣ್ಣು ಒಪ್ಪಿಸುವ ಶಾಸ್ತ್ರ ಉಂಟಲ್ಲ, ಇದು ಹೆಚ್ಚುಕಡಿಮೆ ಅದೇ. ವ್ಯತ್ಯಾಸವೆಂದರೆ ಇಲ್ಲಿ ಒಪ್ಪಿಸುವುದಕ್ಕೆ ತಾಯಿಯಾಗಲಿ ಅಣ್ಣನಾಗಲಿ ಬಂದಿರಲಿಲ್ಲ, ಮರುದಿನ ತವರಿಗೆ ಕರೆದುಕೊಂಡು ಹೋಗುವವರೂ ಇರಲಿಲ್ಲ. ಬೇರೆ ರಾಜ್ಯದ ರಾಜಕೀಯ ಹೊಸ ರಾಣಿಯ ಅಂತಃಪುರದೊಳಕ್ಕೆ ನುಸುಳದಿರಲಿ ಎಂಬ ಲೆಕ್ಕಾಚಾರದಿಂದ ಯೂರೋಪಿನ ಅರಮನೆಗಳು ಪಾಲಿಸಿಕೊಂಡು ಬಂದ ಕ್ರಮವಿದು.

ರೋಸ್ಕಿಲ್ಡೆಯಲ್ಲಿ ಗಂಡ–ಹೆಂಡಿರ ಮೊದಲ ಭೇಟಿಯಾಯಿತು. ನವೆಂಬರ್ 8ರಂದು ಕೋಪನ್‌ಹೇಗನ್ನಿನ ಕ್ರಿಶ್ಚಿಯನ್ಸ್‌ಬೋರ್ಗ್ ಅರಮನೆಯಲ್ಲಿ ಮತ್ತೊಮ್ಮೆ ಮದುವೆ ನಡೆದು, ಮರುವರ್ಷದ ಮೇ 1ರಂದು ಕಿರೀಟಧಾರಣೆಯೂ ಆಯಿತು. ಆದರೆ ಹೆಂಡತಿಯಲ್ಲಿ ಅನುರಾಗ ತೋರುವುದು ದೊಡ್ಡ ಮನುಷ್ಯರಿಗೆ ಸಲ್ಲದ ನಡತೆ ಎಂಬಂತೆ ದೊರೆ ಆಕೆಯಿಂದ ದೂರವೇ ಉಳಿದ. ಆತನನ್ನು ಬರೀ ದುಷ್ಟನೆಂದು ಬದಿಗಿಡುವುದು ನನ್ನಿಂದಾಗದು. ಬಾಲ್ಯದಲ್ಲಿ ರೆವೆಂಟ್ಲೋ ಎಂಬ ಪೋಷಕನ ಹೊಡೆತದ ಕೆಳಗೆ ಬೆಳೆದವನು. ಇಂದಿನ ಹಲವರು ಸ್ಕಿಜೋಫ್ರೇನಿಯಾ ಇರಬಹುದೆಂದು ಊಹಿಸುವ ಮನೋರೋಗ ಆಗಲೇ ಆತನನ್ನು ಆವರಿಸಿಕೊಳ್ಳತೊಡಗಿತ್ತು. ರಾತ್ರಿ ಗೆಳೆಯರನ್ನೂ ಒಬ್ಬ ಪ್ರೇಯಸಿಯನ್ನೂ ಕಟ್ಟಿಕೊಂಡು ನಗರದ ಬೀದಿಗಳಲ್ಲಿ ದಾಂಧಲೆ ನಡೆಸುವುದು, ಹಗಲು ಆಸ್ಥಾನದಲ್ಲಿ ಬೊಂಬೆಯಂತೆ ಕೂರುವುದು ಆತನ ದಿನಚರಿಯಾಯಿತು.

ಆಸ್ಥಾನದ ಮಾತು ಜರ್ಮನ್ ಮತ್ತು ಫ್ರೆಂಚ್. ಡೇನಿಶ್ ಹೊರಗಿನ ಜನರ ಭಾಷೆ. ರಾಣಿಗೆ ಮನಸ್ಸು ಬಿಚ್ಚಿ ಮಾತಾಡಲು ದೊರಕಿದವಳೆಂದರೆ ಅಂತಃಪುರದ ಮುಖ್ಯಸ್ಥೆ, ಲೂಯಿಸ್ ಫಾನ್ ಪ್ಲೆಸ್ಸೆನ್ ಎಂಬ ಗಂಭೀರ ಸ್ವಭಾವದ ವಿಧವೆ. 1768ರ ಜನವರಿ 28ರಂದು ಯುವರಾಜ ಫ್ರೆಡರಿಕ್ ಹುಟ್ಟಿದ. ರಾಜ್ಯಕ್ಕೆ ಆಕೆಯಿಂದ ಬೇಕಾಗಿದ್ದುದು ಅಷ್ಟೇ, ಅದು ಸಿಕ್ಕಿತು. ಅದೇ ವರ್ಷ ಫಾನ್ ಪ್ಲೆಸ್ಸೆನ್ನಳನ್ನು ಆಸ್ಥಾನದಿಂದ ಹೊರಹಾಕಿದರು. ಮೇ ತಿಂಗಳಲ್ಲಿ ಕ್ರಿಶ್ಚಿಯನ್ ದೊಡ್ಡ ಪರಿವಾರದೊಂದಿಗೆ ಯೂರೋಪ್ ಪ್ರವಾಸಕ್ಕೆ ಹೊರಟು, ಹೆಂಡತಿಯ ತವರಾದ ಲಂಡನ್ನಿಗೂ ಹೋಗಿ, ಭಾವಮೈದುನನ ಸತ್ಕಾರವನ್ನೂ ಸ್ವೀಕರಿಸಿ ಬಂದ. ಹೆಂಡತಿಯನ್ನು ಮಾತ್ರ ಕರೆದೊಯ್ಯಲಿಲ್ಲ. ಪ್ರೇಮಕಥೆಗೆ ಮೊದಲಿನ ಮೂರು ವರ್ಷಗಳೆಂದು ನಾನು ಹೇಳಿದ್ದು ಇವನ್ನೇ.

ಆ ಪ್ರವಾಸದಲ್ಲಿ ದೊರೆಯ ವೈದ್ಯನಾಗಿ ಸೇರಿಕೊಂಡವನು ಯೋಹಾನ್ ಫ್ರೀಡ್ರಿಶ್ ಸ್ಟ್ರೂಎನ್ಸೆ. 1737ರಲ್ಲಿ ಜರ್ಮನಿಯ ಹಾಲೆಯಲ್ಲಿ ಪಾದ್ರಿಯ ಮಗನಾಗಿ ಹುಟ್ಟಿ, ಆಲ್ಟೋನಾದಲ್ಲಿ ವೈದ್ಯನಾಗಿದ್ದವನು; ಫ್ರೆಂಚ್ ಚಿಂತಕರನ್ನು ಓದಿಕೊಂಡವನು. ದೊರೆಯ ತಳಮಳವನ್ನು ಶಾಂತಗೊಳಿಸಬಲ್ಲ ಒಬ್ಬನೇ ಮನುಷ್ಯ ಈತನೆಂಬುದು ಬೇಗನೆ ಎಲ್ಲರಿಗೂ ತಿಳಿಯಿತು. 1769ರ ಜನವರಿಯಲ್ಲಿ ಹಿಂದಿರುಗಿದ ದೊರೆ ಆತನನ್ನು ಆಸ್ಥಾನದಲ್ಲೇ ಉಳಿಸಿಕೊಂಡ. ಗಂಡನ ಹಿಂಬಾಲಕರಲ್ಲಿ ಇವನೂ ಒಬ್ಬ ಎಂದು ರಾಣಿ ಮೊದಮೊದಲು ಆತನನ್ನು ದೂರವಿಟ್ಟಳು. ಆ ವರ್ಷ ಆಕೆಯ ಆರೋಗ್ಯ ಕೆಟ್ಟಾಗ ವೈದ್ಯನನ್ನು ಕಾಣುವಂತೆ ಒತ್ತಾಯಿಸಿದವನು ಗಂಡನೇ. ಸ್ಟ್ರೂಎನ್ಸೆ ಔಷಧಿಗಿಂತ ಹೆಚ್ಚಾಗಿ ನಡಿಗೆ, ಕುದುರೆ ಸವಾರಿ, ತೆರೆದ ಗಾಳಿಯನ್ನು ವಿಧಿಸಿದ. 1770ರಲ್ಲಿ ಯುವರಾಜನಿಗೆ ಸಿಡುಬು ತಗಲದಂತೆ, ಸಿಡುಬಿನ ಕೀವನ್ನೇ ಅಲ್ಪ ಪ್ರಮಾಣದಲ್ಲಿ ಮೈಗೆ ಸೇರಿಸುವ ಅಂದಿನ ಅಪಾಯದ ಚಿಕಿತ್ಸೆಯನ್ನು ಕೈಗೊಂಡ. ಮಗು ಚೇತರಿಸಿಕೊಳ್ಳುವವರೆಗೆ ತಾಯಿಯೂ ವೈದ್ಯನೂ ಹಾಸಿಗೆಯ ಪಕ್ಕದಲ್ಲಿದ್ದರು. ಅವರಿಬ್ಬರ ಸಂಬಂಧ ಆ ದಿನಗಳಲ್ಲಿ ಗಾಢವಾಯಿತು.

ಇಲ್ಲಿ ಡೆನ್ಮಾರ್ಕಿನ ರಾಜ್ಯಕಟ್ಟಿನ ಬಗ್ಗೆ ಒಂದು ಮಾತು ಹೇಳಬೇಕು, ಏಕೆಂದರೆ ಮುಂದಿನದೆಲ್ಲ ಅದರಿಂದಲೇ ನಡೆಯಿತು. 1665ರ ರಾಜಶಾಸನದ ಪ್ರಕಾರ ದೊರೆಯ ಅಧಿಕಾರಕ್ಕೆ ಈ ಲೋಕದಲ್ಲಿ ಮಿತಿಯೇ ಇರಲಿಲ್ಲ. ಆತನ ಸಹಿಯೇ ಕಾನೂನು. ಸಹಿ ಹಾಕುವ ಮನುಷ್ಯನ ಬುದ್ಧಿ ಸ್ಥಿಮಿತದಲ್ಲಿಲ್ಲದಿದ್ದರೆ ಏನು ಮಾಡಬೇಕೆಂಬುದನ್ನು ಆ ಶಾಸನ ಯೋಚಿಸಿರಲಿಲ್ಲ. ಹಾಗಾಗಿ ದೊರೆಯ ಕೋಣೆಯ ಬಾಗಿಲು ಯಾರ ವಶದಲ್ಲಿದೆಯೋ ರಾಜ್ಯವೂ ಅವರ ವಶ. 1770ರ ಸೆಪ್ಟೆಂಬರಿನಲ್ಲಿ ಹಳೆಯ ಮಂತ್ರಿ ಬೆರ್ನ್‌ಸ್ಟೋರ್ಫ್ ವಜಾ ಆದ. ಮುಂದಿನ ಹದಿನಾರು ತಿಂಗಳಲ್ಲಿ ಸ್ಟ್ರೂಎನ್ಸೆ ಸಾವಿರಕ್ಕೂ ಮಿಕ್ಕಿ ಆಜ್ಞೆಗಳನ್ನು ಹೊರಡಿಸಿದ: ಮುದ್ರಣಕ್ಕಿದ್ದ ಪೂರ್ವನಿರ್ಬಂಧ ರದ್ದಾಯಿತು, ವಿಚಾರಣೆಯಲ್ಲಿ ಚಿತ್ರಹಿಂಸೆ ನಿಂತಿತು, ರೈತರು ಜಮೀನ್ದಾರರಿಗೆ ಮಾಡಬೇಕಾದ ಬಿಟ್ಟಿ ದುಡಿಮೆಗೆ ಮಿತಿ ಬಂತು. 1771ರ ಜುಲೈ ಹೊತ್ತಿಗೆ ದೊರೆಯ ಹೆಸರಿನಲ್ಲಿ ತಾನೇ ಸಹಿ ಹಾಕುವ ಅಧಿಕಾರವನ್ನೂ ಪಡೆದುಕೊಂಡ. ಆಜ್ಞೆಗಳೆಲ್ಲ ಜರ್ಮನ್ ಭಾಷೆಯಲ್ಲಿ; ತಾನು ಆಳುತ್ತಿರುವ ಜನರ ಮಾತನ್ನು ಕಲಿಯುವ ಗೋಜಿಗೆ ಆ ಜಾಣ ಹೋಗಲೇ ಇಲ್ಲ. ಅವನ ಸುಧಾರಣೆಗಳನ್ನು ಮೆಚ್ಚುವ ನನಗೂ ಈ ಉದಾಸೀನವನ್ನು ಕ್ಷಮಿಸುವುದು ಕಷ್ಟ. ಅವನೇ ಕೊಟ್ಟ ಮುದ್ರಣ ಸ್ವಾತಂತ್ರ್ಯವನ್ನು ಬಳಸಿ ಕರಪತ್ರಗಳು ಅವನನ್ನೂ ರಾಣಿಯನ್ನೂ ಹೀಗಳೆದವು. 1771ರ ಅಕ್ಟೋಬರಿನಲ್ಲಿ ಅವನೇ ಆ ಸ್ವಾತಂತ್ರ್ಯಕ್ಕೆ ಬೇಲಿ ಹಾಕಬೇಕಾಯಿತು.

ಈ ಆಡಳಿತದಲ್ಲಿ ರಾಣಿಯ ಪಾಲು ಎಷ್ಟು? ಆಜ್ಞೆಗಳನ್ನು ರೂಪಿಸಿದವಳು ಆಕೆಯೆಂದು ಹೇಳುವುದು ಅತಿಶಯೋಕ್ತಿ. ಆಕೆಯ ಬೆಂಬಲವಿಲ್ಲದೆ ಆ ಬಾಗಿಲು ತೆರೆದೇ ಇರುತ್ತಿರಲಿಲ್ಲವೆಂಬುದು ಮಾತ್ರ ನಿಜ. ಆಕೆಯ ಬದಲಾವಣೆ ಕಂಡದ್ದು ಬೇರೆ ಕಡೆ. ಗಂಡಸರ ಉಡುಪು ತೊಟ್ಟು, ಕಾಲುಗಳನ್ನು ಎರಡು ಬದಿಗೆ ಹಾಕಿ ಕುದುರೆಯೇರಿ, ರಾಜಧಾನಿಯ ಬೀದಿಗಳಲ್ಲಿ ಸವಾರಿ ಹೊರಟಳು. 1770ರಲ್ಲಿ ಲ್ಯೂನೆಬುರ್ಗಿನಲ್ಲಿ ತಾಯಿಯ ಭೇಟಿಯಾದಾಗಲೂ ಸವಾರಿಯ ಷರಾಯಿಯಲ್ಲೇ ಕಾಣಿಸಿಕೊಂಡು ಆಕೆಯನ್ನು ದಿಗಿಲುಗೊಳಿಸಿದಳು. ತಾಯಿ–ಮಗಳು ಮತ್ತೆ ಭೇಟಿಯಾಗಲಿಲ್ಲ. 1771ರ ಬೇಸಿಗೆಯನ್ನು ದೊರೆ, ರಾಣಿ, ವೈದ್ಯ ಮೂವರೂ ಹಿರ್ಶ್‌ಹೋಲ್ಮಿನಲ್ಲಿ ಕಳೆದರು. ಮೂರು ವರ್ಷದ ಯುವರಾಜನನ್ನು ಹೊಸ ಕಾಲದ ಶಿಕ್ಷಣತತ್ವದಂತೆ ತೆಳುಬಟ್ಟೆಯಲ್ಲಿ, ಬರಿಗಾಲಲ್ಲಿ, ಸಾದಾ ಆಹಾರದಲ್ಲಿ ಬೆಳೆಸಲಾಗುತ್ತಿತ್ತು. ಅದನ್ನು ಕೇಳಿದ ನಗರದ ಜನ ಮಗುವನ್ನು ಉಪವಾಸ ಕೆಡವಿ ಕೊಲ್ಲುತ್ತಿದ್ದಾರೆಂದು ನಂಬಿದರು. ಜುಲೈ 7ರಂದು ಅದೇ ಅರಮನೆಯಲ್ಲಿ ಲೂಯಿಸ್ ಆಗಸ್ಟಾ ಹುಟ್ಟಿದಳು. ತಂದೆ ಯಾರೆಂಬುದರಲ್ಲಿ ಆಸ್ಥಾನಕ್ಕೆ ಅನುಮಾನವಿರಲಿಲ್ಲ. ದಾಖಲೆಯಲ್ಲಿ ಮಾತ್ರ ಆಕೆ ದೊರೆಯ ಮಗಳು.

ರಾಣಿಯ ಕೋಣೆಯ ಸೇವಕಿಯರು ಅಷ್ಟರಲ್ಲಿ ತಮ್ಮದೇ ತನಿಖೆ ನಡೆಸಿದ್ದರು. ನೆಲದ ಮೇಲೆ ಪುಡಿ ಚೆಲ್ಲಿ ಬೆಳಿಗ್ಗೆ ಹೆಜ್ಜೆ ಗುರುತು ನೋಡುವಷ್ಟರ ಮಟ್ಟಿಗೆ ಅವರ ಕುತೂಹಲ ಮುಂದುವರಿದಿತ್ತು, ಮುಂದೆ ಅದೆಲ್ಲ ಸಾಕ್ಷ್ಯವಾಯಿತು. 1772ರ ಜನವರಿ 16ರ ರಾತ್ರಿ ಕ್ರಿಶ್ಚಿಯನ್ಸ್‌ಬೋರ್ಗಿನ ಆಸ್ಥಾನ ರಂಗಮಂದಿರದಲ್ಲಿ ಮುಖವಾಡದ ನೃತ್ಯಕೂಟ ಏರ್ಪಟ್ಟಿತ್ತು. ಎಲ್ಲರೂ ಮಲಗಿದ ಮೇಲೆ, 17ರ ನಸುಕಿನಲ್ಲಿ, ಜೂಲಿಯಾನಾ ಮರಿಯಾ, ಆಕೆಯ ಮಗ, ಅವರ ಆಪ್ತ ಗುಲ್ಬೆರ್ಗ್ ಮತ್ತು ಕೆಲವು ಸೇನಾಧಿಕಾರಿಗಳು ದೊರೆಯನ್ನು ಎಬ್ಬಿಸಿ ಬಂಧನದ ಆಜ್ಞೆಗಳಿಗೆ ಸಹಿ ಹಾಕಿಸಿಕೊಂಡರು. ಸ್ಟ್ರೂಎನ್ಸೆ ಯಾವ ಸಹಿಯಿಂದ ಮೇಲೇರಿದ್ದನೋ ಅದೇ ಸಹಿ ಅವನನ್ನು ಸೆರೆಮನೆಗೆ ಕಳಿಸಿತು. ರಾಣಿಯನ್ನು ಆರು ತಿಂಗಳ ಕೂಸಿನೊಂದಿಗೆ ಹೆಲ್ಸಿಂಗೋರಿನ ಕ್ರೋನ್‌ಬೋರ್ಗ್ ಕೋಟೆಗೆ ಸಾಗಿಸಿದರು. ಷೇಕ್ಸ್‌ಪಿಯರನ ಹ್ಯಾಮ್ಲೆಟ್ ನಾಟಕದ ಕೋಟೆಯೆಂದು ನಮ್ಮ ಪ್ರವಾಸಿಗಳು ಸಾಲುಗಟ್ಟಿ ನೋಡಲು ಬರುವುದು ಇದನ್ನೇ. ಇಲ್ಲಿ ನಿಜವಾಗಿ ಸೆರೆಯಲ್ಲಿದ್ದ ರಾಣಿಯ ನೆನಪು ಬಹಳ ಜನಕ್ಕೆ ಇರುವುದಿಲ್ಲ. ಸೆರೆಯ ಮೊದಲ ವಾರಗಳಲ್ಲೇ, ಫೆಬ್ರವರಿ 8ರಂದು, ಲಂಡನ್ನಿನಲ್ಲಿ ತಾಯಿ ತೀರಿಕೊಂಡಳು.

ಫೆಬ್ರವರಿಯಲ್ಲಿ ಸ್ಟ್ರೂಎನ್ಸೆ ಸಂಬಂಧವನ್ನು ಒಪ್ಪಿಕೊಂಡ. ಮಾರ್ಚ್ 9ರಂದು ಆ ತಪ್ಪೊಪ್ಪಿಗೆಯನ್ನು ರಾಣಿಯ ಮುಂದಿಟ್ಟರು. ಇದು ಸುಳ್ಳೆಂದು ನೀವು ಹೇಳಿದರೆ ರಾಣಿಯ ಮೇಲೆ ಅಪವಾದ ಹೊರಿಸಿದ್ದಕ್ಕಾಗಿ ಅವನು ಸಾಯಬೇಕಾಗುತ್ತದೆ ಎಂದು ಆಕೆಯನ್ನು ಹೆದರಿಸಿದರೆಂಬುದು ಪ್ರಚಲಿತ ವೃತ್ತಾಂತ. ಆಕೆ ಸಹಿ ಹಾಕಿದಳು. ವಕೀಲ ಉಲ್ಡಾಲ್ ಆಕೆಯ ಪರವಾಗಿ ವಾದಿಸಿದರೂ ಏಪ್ರಿಲ್ 6ರಂದು ವಿವಾಹ ರದ್ದಾಯಿತು. ಏಪ್ರಿಲ್ 28ರಂದು ಸ್ಟ್ರೂಎನ್ಸೆಯನ್ನೂ ಅವನ ಗೆಳೆಯ ಬ್ರಾಂಟ್‌ನನ್ನೂ ಬಲಗೈ ಕಡಿದು, ತಲೆ ಕಡಿದು, ದೇಹಗಳನ್ನು ತುಂಡರಿಸಿ ಜನರ ಮುಂದಿಟ್ಟರು. ಬ್ರಾಂಟ್‌ನ ಮೇಲಿದ್ದ ದೊಡ್ಡ ಆರೋಪವೆಂದರೆ ಜಗಳದಲ್ಲಿ ದೊರೆಯ ಬೆರಳು ಕಚ್ಚಿದ್ದು. ಚಿತ್ರಹಿಂಸೆಯನ್ನು ನಿಲ್ಲಿಸಿದವನಿಗೆ ರಾಜ್ಯ ಕೊಟ್ಟ ಶಿಕ್ಷೆ ಇದು.

ರಾಣಿಯನ್ನು ಜಟ್‌ಲ್ಯಾಂಡಿನ ಆಲ್ಬೋರ್ಗಿನಲ್ಲಿ ಶಾಶ್ವತವಾಗಿ ಕೂಡಿಹಾಕುವ ಯೋಚನೆಯಿತ್ತು. ಮೂರನೆಯ ಜಾರ್ಜ್ ನೌಕಾಪಡೆಯ ಭಯ ತೋರಿಸಿ ತಂಗಿಯನ್ನು ಬಿಡಿಸಿದ. ಮೇ ತಿಂಗಳ ಕೊನೆಯಲ್ಲಿ ಬ್ರಿಟಿಷ್ ಯುದ್ಧನೌಕೆಗಳು ಕ್ರೋನ್‌ಬೋರ್ಗಿಗೆ ಬಂದವು. ಮಗಳು ದಾಖಲೆಯಲ್ಲಿ ಡೆನ್ಮಾರ್ಕಿನ ರಾಜಕುಮಾರಿಯಾದ್ದರಿಂದ ತಾಯಿಯ ಜೊತೆ ಹೋಗುವಂತಿರಲಿಲ್ಲ. ಹತ್ತು ತಿಂಗಳ ಮಗುವನ್ನು ಕೋಟೆಯಲ್ಲೇ ಬಿಟ್ಟು ಆಕೆ ಹಡಗು ಹತ್ತಿದಳು. ಹಡಗು ಹೋದದ್ದು ಇಂಗ್ಲೆಂಡಿಗೂ ಅಲ್ಲ: ಕಳಂಕ ಹೊತ್ತ ತಂಗಿಯನ್ನು ಲಂಡನ್ನಿಗೆ ಕರೆಸಿಕೊಳ್ಳದ ಅಣ್ಣ, ತನ್ನದೇ ಅಧೀನದಲ್ಲಿದ್ದ ಜರ್ಮನಿಯ ಹ್ಯಾನೋವರ್ ಸೀಮೆಯ ಸೆಲ್ಲೆ ಪಟ್ಟಣದ ಕೋಟೆಯಲ್ಲಿ ಆಕೆಗೆ ಬಿಡಾರ ಕಲ್ಪಿಸಿದ. ಅಲ್ಲಿ ಆಕೆ ಒಂದು ಪುಟ್ಟ ಆಸ್ಥಾನವನ್ನು ನಡೆಸಿದಳು, ಕೋಟೆಯೊಳಗಿನ ರಂಗಮಂದಿರದಲ್ಲಿ ನಾಟಕಗಳನ್ನು ನೋಡಿದಳು. ವ್ರಾಕ್ಸಲ್ ಎಂಬ ಇಂಗ್ಲಿಷ್ ತರುಣನ ಮೂಲಕ ಆಕೆಯನ್ನು ಮತ್ತೆ ಕೋಪನ್‌ಹೇಗನ್ನಿಗೆ ತರುವ ಗುಟ್ಟಿನ ಸಂಧಾನವೂ ನಡೆಯುತ್ತಿತ್ತು. ಅದು ಫಲ ಕಾಣುವ ಮುನ್ನ, 1775ರ ಮೇ 10ರಂದು, ಸ್ಕಾರ್ಲೆಟ್ ಜ್ವರದಿಂದ ತೀರಿಕೊಂಡಾಗ ಆಕೆಗೆ ಇಪ್ಪತ್ತಮೂರು ವರ್ಷ. ಅಲ್ಲಿಯ ಚರ್ಚಿನ ನೆಲಮಾಳಿಗೆಯಲ್ಲೇ ಮುತ್ತಜ್ಜಿ ಸೋಫಿಯಾ ಡೊರೊಥಿಯಾಳ ಶವಪೆಟ್ಟಿಗೆಯೂ ಇದೆ. ಇಂಗ್ಲೆಂಡಿನ ಒಂದನೆಯ ಜಾರ್ಜನ ಹೆಂಡತಿಯಾಗಿದ್ದ ಆ ಮುತ್ತಜ್ಜಿಯೂ ಪರಪುರುಷನ ಸಂಬಂಧ ಬಯಲಾದ ಮೇಲೆ ವಿಚ್ಛೇದನಕ್ಕೆ ಒಳಗಾಗಿ, ಮೂರು ದಶಕ ಬಂಧನದಲ್ಲಿದ್ದು ಸತ್ತವಳು. ಆ ಕಾಲದ ರಾಜರ ಪ್ರೇಯಸಿಯರಿಗೆ ಆಸ್ಥಾನಗಳಲ್ಲಿ ಸಲ್ಲುತ್ತಿದ್ದ ಮನ್ನಣೆಯನ್ನು ಓದಿದವರಿಗೆ ಈ ನ್ಯಾಯದ ಅಳತೆಗೋಲು ಹೇಗಿತ್ತೆಂದು ನಾನು ವಿವರಿಸಬೇಕಾಗಿಲ್ಲ.

ಬರಿಗಾಲಲ್ಲಿ ಬೆಳೆದ ಯುವರಾಜ ಫ್ರೆಡರಿಕ್ 1784ರ ಏಪ್ರಿಲ್ 14ರಂದು, ಹದಿನಾರನೆಯ ವಯಸ್ಸಿಗೆ, ಮಂತ್ರಾಲೋಚನೆಯ ಸಭೆಯಲ್ಲೇ ತಂದೆಯಿಂದ ಒಂದು ಕಾಗದಕ್ಕೆ ಸಹಿ ಹಾಕಿಸಿಕೊಂಡು, ಗುಲ್ಬೆರ್ಗನ ಕೂಟವನ್ನು ಕೆಳಗಿಳಿಸಿದ. 1788ರಲ್ಲಿ ರೈತರನ್ನು ಹುಟ್ಟಿದೂರಿನ ಜಮೀನಿಗೆ ಕಟ್ಟಿಹಾಕಿದ್ದ ಕಾಯಿದೆ ರದ್ದಾದದ್ದು ಅವನ ಆಡಳಿತದಲ್ಲಿ. ಕೋಟೆಯಲ್ಲಿ ಬಿಟ್ಟುಹೋದ ಮಗಳು ಲೂಯಿಸ್ ಆಗಸ್ಟಾಳನ್ನು 1786ರ ಮೇ ತಿಂಗಳಲ್ಲಿ ಆಗಸ್ಟೆನ್‌ಬೋರ್ಗ್ ಮನೆತನಕ್ಕೆ ಮದುವೆ ಮಾಡಿ ಕೊಟ್ಟರು. ಸಿಂಹಾಸನದ ಮೇಲೆ ಹಕ್ಕು ಹೇಳಬಹುದಾದ ಆ ಶಾಖೆಯನ್ನು ದೊರೆಯ ಮನೆಗೆ ಬೆಸೆಯುವುದು ಉದ್ದೇಶವಾಗಿತ್ತು. ವಧುವಿಗೆ ಆಗ ಹದಿನೈದು ತುಂಬಿರಲಿಲ್ಲ, ತಾಯಿಗಿಂತ ಚಿಕ್ಕವಳು. ಇಂದಿನ ಸ್ವೀಡನ್ನಿನ ದೊರೆ ಹದಿನಾರನೆಯ ಕಾರ್ಲ್ ಗುಸ್ತಾಫ್ ಆಕೆಯ ವಂಶದವನೇ.