ಸಂಜೆ ಆರೂವರೆಯ ಸಭೆ

ಇವತ್ತು ನಮ್ಮೂರ ಸರ್ಕಾರಿ ಶಾಲೆಯಲ್ಲಿ ಪೋಷಕರ ಸಭೆ ಇತ್ತು. ತೀರ್ಥಹಳ್ಳಿ ಕಡೆ ಈಗ ಅಡಿಕೆ ಕೊಯ್ಲು. ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ಯಾರು ಬರುತ್ತಾರೆ ಹೇಳಿ? ಅಡಿಕೆ ಗೊನೆ ತೆಗೆಯುವವರು ತೋಟದಲ್ಲಿ, ಸುಲಿಯುವವರು ಅಂಗಳದಲ್ಲಿ. ದಿನದ ಕೂಲಿ ಬಿಟ್ಟು ಬರುವುದು ಸುಲಭ ಅಲ್ಲ. ಅದಕ್ಕೇ ಈ ಸಲ ಸಂಜೆ ಆರೂವರೆಗೆ ಇಟ್ಟೆವು. ಬೆಂಚು ಸಾಲಲಿಲ್ಲ!

ನಮ್ಮ ಮಕ್ಕಳ ಮನೆಗಳಲ್ಲಿ ಕನ್ನಡದ ಜೊತೆ ಉರ್ದು, ಕೊಂಕಣಿ, ಲಂಬಾಣಿ, ತಮಿಳು ಎಲ್ಲ ಇದೆ. ಒಬ್ಬ ಲಂಬಾಣಿ ತಾಯಿ ಯಾವಾಗಲೂ ಬಾಗಿಲ ಹತ್ತಿರವೇ ನಿಂತು ಹೋಗುತ್ತಿದ್ದರು. ಇವತ್ತು ನಾಲ್ಕನೇ ಕ್ಲಾಸಿನ ಮಗಳು ಪಕ್ಕದಲ್ಲಿ ಕೂತು ಅಮ್ಮನ ಮಾತನ್ನು ಕನ್ನಡದಲ್ಲಿ ಹೇಳಿದಳು. ಅವರು ಕೇಳಿದ್ದು ಒಂದೇ. ಮಳೆಗಾಲದಲ್ಲಿ ಹಳ್ಳ ತುಂಬಿ ಮಗು ಶಾಲೆಗೆ ಬರಲಾಗದಿದ್ದರೆ, ತಪ್ಪಿದ ಪಾಠ ಯಾರು ಹೇಳಿಕೊಡುತ್ತಾರೆ?

ಇಷ್ಟು ವರ್ಷ ಇದು ನಮ್ಮ ಯಾರ ತಲೆಗೂ ಬಂದಿರಲಿಲ್ಲ. ನನಗೆ ನಿಜಕ್ಕೂ ನಾಚಿಕೆ ಆಯಿತು.

2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು. ಅರ್ಧದಷ್ಟು ಹೆಂಗಸರು ಇರಬೇಕು. ನಮ್ಮ ಶಾಲಾ ಸಮಿತಿಯ, ಅಂದರೆ ಎಸ್‌ಡಿಎಂಸಿಯ, ಪಟ್ಟಿಯೂ ಹಾಗೇ ಇದೆ. ಆದರೆ ಪಟ್ಟಿಯಲ್ಲಿ ಹೆಸರಿರುವುದು ಬೇರೆ, ಸಭೆಯಲ್ಲಿ ಬಾಯಿ ಬಿಟ್ಟು ಕೇಳುವುದು ಬೇರೆ ಅಲ್ವಾ? ಆ ತಾಯಿಗೆ ಮಗಳೇ ದನಿಯಾಗಬೇಕಾಯಿತು. ಮುಂದಿನ ಸಲ ದೊಡ್ಡವರೇ ಯಾರಾದರೂ ಆ ಕೆಲಸ ಮಾಡಬೇಕು.

ಹಳ್ಳದ ಆಚೆಯ ಪಿಯುಸಿ ಹುಡುಗಿಯೊಬ್ಬಳು, "ಮಳೆ ಜಾಸ್ತಿ ಇದ್ದ ದಿನ ಮಕ್ಕಳನ್ನು ನಮ್ಮನೆ ಜಗುಲಿಗೆ ಕಳಿಸಿ, ನಾನು ಹೇಳಿಕೊಡುತ್ತೇನೆ" ಎಂದಳು. ನಾಳೆ ಅವಳ ಮನೆಗೆ ಒಂದು ಕರಿಹಲಗೆ ಹೊತ್ತುಕೊಂಡು ಹೋಗುತ್ತಿದ್ದೇವೆ.